ವಿಶ್ವವಿದ್ಯಾಲಯ ಆಸ್ಪತ್ರೆಯ ಮನೋವೈದ್ಯ ರೆಸಿಡೆನ್ಸಿ: ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು

ಮನೋವೈದ್ಯಶಾಸ್ತ್ರದ ರೆಸಿಡೆನ್ಸಿಗೆ (ವೈದ್ಯ ಪದವಿಯ ನಂತರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತಜ್ಞ ತರಬೇತಿ) ಜಾಗ ಹುಡುಕುವವರು ಸಾಮಾನ್ಯವಾಗಿ ವಿಚಾರಿಸುವುದು ಮೂರು ಸಂಗತಿ: ವಾರ್ಡಿನಲ್ಲಿ ಹಾಸಿಗೆ ಎಷ್ಟು, ತಿಂಗಳಿಗೆ ನೈಟ್ ಡ್ಯೂಟಿ ಎಷ್ಟು, ಮುಗಿಸಿದವರು ಈಗ ಎಲ್ಲಿದ್ದಾರೆ. ಕೇಳಲೇಬೇಕಾದ ನಾಲ್ಕನೆಯದು ಬಿಟ್ಟುಹೋಗುತ್ತದೆ. ರೆಸಿಡೆಂಟ್ ರೋಗಿಯ ಜೊತೆ ಮಾತಾಡುವಾಗ ಪಕ್ಕದಲ್ಲಿ ಕೂತು, ನಡುವೆ ಬಾಯಿ ಹಾಕದೆ, ಮೊದಲಿಂದ ಕೊನೆಯವರೆಗೆ ನೋಡುವ ಹಿರಿಯ ವೈದ್ಯರು ಅಲ್ಲಿದ್ದಾರೆಯೇ? ಶಸ್ತ್ರಚಿಕಿತ್ಸೆ ಕಲಿಯುವವರ ಕೈ ಥಿಯೇಟರಿನಲ್ಲಿ ಎಲ್ಲರಿಗೂ ಕಾಣುತ್ತದೆ. ಗಂಟು ಸಡಿಲವಾದರೆ ಎದುರಿಗೆ ನಿಂತವರು ಅಲ್ಲೇ ತಿದ್ದುತ್ತಾರೆ. ಮನೋವೈದ್ಯದಲ್ಲಿ ಮಾತೇ ಉಪಕರಣ, ಅದು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಒಳಗೆ ಏನಾಯಿತೆಂಬುದು ರೆಸಿಡೆಂಟ್ ಹೇಳಿದಷ್ಟೇ ಹೊರಗಿನವರಿಗೆ ಗೊತ್ತು. ರೋಗಿಯ ಕಣ್ಣು ತುಂಬಿದ ಹೊತ್ತಿಗೆ ಗಾಬರಿಯಾಗಿ ನಿದ್ದೆ, ಹಸಿವಿನ ಪ್ರಶ್ನೆಗೆ ಜಾರಿಕೊಂಡದ್ದು ಕೇಸ್ ಶೀಟಿನಲ್ಲಿ ಬರುವುದಿಲ್ಲ.

ಈ ಅಳತೆಗೋಲು ಹಿಡಿದು ನೋಡಿದರೆ ವಿಶ್ವವಿದ್ಯಾಲಯಗಳ ತರಬೇತಿ ಔಷಧ ಮತ್ತು ತುರ್ತು ಕೆಲಸದಲ್ಲಿ ಗಟ್ಟಿ, ಮನೋಚಿಕಿತ್ಸೆಯಲ್ಲಿ ಬಹುಪಾಲು ಪೊಳ್ಳು, ಸಂಶೋಧನೆಯಲ್ಲಿ ಸಿಕ್ಕ ಗೈಡ್‌ನ ಮೇಲೆ ನಿಂತಿದೆ. ಕೋರ್ಸ್ ಮೂರು ವರ್ಷದ್ದಿರಲಿ, ನಾಲ್ಕು ವರ್ಷದ್ದಿರಲಿ, ಚಿತ್ರ ಹೆಚ್ಚು ಬದಲಾಗುವುದಿಲ್ಲ.

ವಾರ್ಡಿನ ಮೊದಲ ತಿಂಗಳುಗಳು

ಹೊಸದಾಗಿ ದಾಖಲಾದ ರೋಗಿಯ ಪೂರ್ತಿ ಕೇಸ್ ತೆಗೆಯಲು 60ರಿಂದ 90 ನಿಮಿಷ ಬೇಕು. ಅದನ್ನು 20 ನಿಮಿಷಕ್ಕೆ ಇಳಿಸಿರುವ ವಾರ್ಡಿನಲ್ಲಿ ಕಲಿಯಲು ಸಿಗುವುದು ಫಾರಂ ತುಂಬುವ ಕಲೆ ಮಾತ್ರ. ಮಾನಸಿಕ ಸ್ಥಿತಿಯ ಪರೀಕ್ಷೆ ಬರೆದಿರುವ ಹಾಳೆ ನೋಡಿದರೆ ಸಾಕು, ವಿಭಾಗದ ಮಟ್ಟ ಗೊತ್ತಾಗುತ್ತದೆ. ಮೂಡ್ ಎಂಬಲ್ಲಿ ರೋಗಿ ಆಡಿದ ಮಾತೇ ಇರಬೇಕು. "ಎದೆ ಮೇಲೆ ಕಲ್ಲು ಹೇರಿದ ಹಾಗಿದೆ" ಎಂದಿದ್ದರೆ ಹಾಗೆಯೇ. ಅಫೆಕ್ಟ್ ಎಂಬಲ್ಲಿ ನೋಡಿದವರ ಕಣ್ಣಿಗೆ ಕಂಡದ್ದು. ಎರಡೂ ಕಡೆ ಒಂದೇ ಪದ ಇದ್ದರೆ ಯಾರೂ ತಿದ್ದುತ್ತಿಲ್ಲ ಎಂದರ್ಥ. "ಕಿವಿಯಲ್ಲಿ ಧ್ವನಿ ಕೇಳುತ್ತದೆ: ಹೌದು" ಎಂದು ಮುಗಿಸುವುದೂ ಸಾಲದು. ಧ್ವನಿ ತಲೆಯ ಒಳಗಿನದೋ ಹೊರಗಿನದೋ, ಒಬ್ಬರದೋ ಇಬ್ಬರು ತನ್ನ ಬಗ್ಗೆ ಮಾತಾಡಿಕೊಳ್ಳುವುದೋ, ಆಜ್ಞೆ ಮಾಡುತ್ತದೆಯೋ, ಮಾಡಿದರೆ ಇದುವರೆಗೆ ಎಷ್ಟು ಸಲ ಪಾಲಿಸಿದ್ದಾರೆ: ರಾತ್ರಿ ಯಾರ ಮೇಲೆ ಕಣ್ಣಿಡಬೇಕು ಎಂಬುದು ಈ ಕೊನೆಯ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ದೊಡ್ಡ ಆಸ್ಪತ್ರೆಗಳ ಸಾಮಾನ್ಯ ರೋಗವೆಂದರೆ ಹಳೆಯ ಡಯಾಗ್ನೋಸಿಸ್ ನಕಲು. ಹಿಂದಿನ ಡಿಸ್ಚಾರ್ಜ್ ಚೀಟಿಯಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿ ಕಾಡುವ ತೀವ್ರ ಮನೋರೋಗ) ಎಂದಿದ್ದರೆ ಹೊಸ ದಾಖಲೆಯಲ್ಲೂ ಅದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಡಿಎಸ್‌ಎಮ್ (ಅಮೆರಿಕದ ಮನೋವೈದ್ಯರ ರೋಗ ಕೈಪಿಡಿ) ಪ್ರಕಾರ ಈ ಕಾಯಿಲೆಗೆ 6 ತಿಂಗಳ ನಿರಂತರ ಲಕ್ಷಣ ಬೇಕು, ಐಸಿಡಿ (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ) ಪ್ರಕಾರ 1 ತಿಂಗಳು ಸಾಕು. ನಡುವೆ ರೋಗಿ ಪೂರ್ತಿ ಸರಿಹೋಗಿ ಕೆಲಸಕ್ಕೆ ಹೋಗಿದ್ದರೇ, ನಿದ್ದೆಯಿಲ್ಲದೆಯೂ ಸುಸ್ತಾಗದೆ ಹುರುಪಿನಲ್ಲಿದ್ದ ವಾರಗಳಿದ್ದವೇ ಎಂದು ಮನೆಯವರನ್ನು ವಿಚಾರಿಸಿ, ಇಸವಿ ಹಾಕಿ ಒಂದು ಗೆರೆ ಎಳೆದರೆ ಎಷ್ಟೋ ಸಲ ಅದು ಬೈಪೋಲಾರ್ (ಅತಿ ಹುರುಪು, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಎಂದು ಹೊರಬರುತ್ತದೆ. ಹೀಗೆ ಕಾಲರೇಖೆ ಎಳೆಸುವ ಅಭ್ಯಾಸ ರೌಂಡ್ಸಿನಲ್ಲಿದ್ದರೆ ಆ ವಿಭಾಗಕ್ಕೆ ಒಂದು ಅಂಕ ಹೆಚ್ಚು ಕೊಡಬಹುದು.

ಇನ್ನೊಂದು ಅಂಕ, ಮೊದಲ ವರ್ಷದಲ್ಲೇ ಮೆಡಿಸಿನ್ ಮತ್ತು ನ್ಯೂರಾಲಜಿಗೆ ಕಳಿಸುವ ಕಡೆಗೆ. ಆ ತಿಂಗಳುಗಳನ್ನು ಶಿಕ್ಷೆ ಎಂದುಕೊಳ್ಳುವವರೇ ಹೆಚ್ಚು. ಆದರೆ 70ರ ವಯಸ್ಸಿನಲ್ಲಿ ಮೊದಲ ಬಾರಿಗೆ ಗೋಡೆಯ ಮೇಲೆ ಹುಳು ಕಾಣುತ್ತಿದೆ ಎನ್ನುವವರಿಗೆ ಮನೋರೋಗದ ಮಾತ್ರೆ ಬರೆಯುವ ಮುನ್ನ ಸನ್ನಿಯೇ (ಡೆಲಿರಿಯಂ, ದೇಹದ ಕಾಯಿಲೆಯಿಂದ ಹಠಾತ್ತನೆ ಬರುವ ಗೊಂದಲ) ಎಂದು ನೋಡಬೇಕು. ಸನ್ನಿಯ ಗುರುತು ಭ್ರಮೆಯಲ್ಲ, ಕುಸಿದ ಗಮನ. ತಿಂಗಳ ಹೆಸರುಗಳನ್ನು ಹಿಂದಿನಿಂದ ಹೇಳಿಸಿ. ಬೆಳಿಗ್ಗೆ ಹೇಳಿದವರು ಸಂಜೆ ತಡವರಿಸಿದರೆ ಸೋಡಿಯಂ, ಸಕ್ಕರೆ, ಮೂತ್ರದ ಸೋಂಕು, ಹೊಸದಾಗಿ ಸೇರಿಸಿದ ಮಾತ್ರೆ ಎಲ್ಲ ಹುಡುಕಬೇಕು.

ಔಷಧ: ಇಲ್ಲಿ ಕೊಟ್ಟ ವರ್ಷ ವ್ಯರ್ಥವಲ್ಲ

ವಿಶ್ವವಿದ್ಯಾಲಯದ ಆಸ್ಪತ್ರೆಗೆ ಬರುವುದೇ ಬೇರೆಡೆ ಬಗ್ಗದ ಕೇಸುಗಳು. ಹಾಗಾಗಿ ಸಣ್ಣ ಕ್ಲಿನಿಕ್ಕಿನಲ್ಲಿ ವರ್ಷಕ್ಕೊಮ್ಮೆ ಕಾಣುವ ಔಷಧ ಇಲ್ಲಿ ದಿನಾ ಕೈಗೆ ಬರುತ್ತದೆ. ಕಾರ್ಯಕ್ರಮ ನೋಡಲು ಹೋದಾಗ ಎರಡನೇ ವರ್ಷದ ರೆಸಿಡೆಂಟನ್ನು ಪಕ್ಕಕ್ಕೆ ಕರೆದು ಎರಡು ಪ್ರಶ್ನೆ ಕೇಳಿ ನೋಡಬಹುದು.

ಮೊದಲನೆಯದು: ಬೈಪೋಲಾರಿಗೆ ಕೊಡುವ ಲಿಥಿಯಂನ ರಕ್ತದ ಮಟ್ಟ ವಿಪರೀತ ಏರಿ 2.0 ಬಂದಿದೆ, ರೋಗಿ ಆರಾಮಾಗಿ ಕೂತಿದ್ದಾರೆ, ಏನು ಮಾಡುತ್ತೀರಿ? ಪಳಗಿದವರು ಮೊದಲು ಮುಂದಿನ ಡೋಸ್ ತಡೆಹಿಡಿದು, ರಕ್ತ ಯಾವಾಗ ತೆಗೆದರು, ಯಾವ ಟ್ಯೂಬಿನಲ್ಲಿ ತೆಗೆದರು ಎಂದು ವಿಚಾರಿಸುತ್ತಾರೆ. ಕೊನೆಯ ಮಾತ್ರೆಯಾಗಿ 12 ಗಂಟೆಗೆ ತೆಗೆಯಬೇಕಾದ್ದನ್ನು ಬೆಳಗಿನ ಡೋಸ್ ನುಂಗಿಸಿದ ಮೇಲೆ ತೆಗೆದಿದ್ದರೆ ಅಂಕಿ ಸುಳ್ಳೇ ಏರಿರುತ್ತದೆ. ಲಿಥಿಯಂ ಹೆಪಾರಿನ್ ಲೇಪಿಸಿದ ಟ್ಯೂಬಿಗೆ ಹಾಕಿದ್ದರೆ ಟ್ಯೂಬಿನ ಲಿಥಿಯಮ್ಮೇ ಲೆಕ್ಕಕ್ಕೆ ಸೇರಿರುತ್ತದೆ. ಹಾಗೆಂದು ನಗುತ್ತಾ ಬಿಟ್ಟುಬಿಡುವಂತಿಲ್ಲ: ಮರುಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್, ನಡಿಗೆಯಲ್ಲಿ ಓಲಾಟ, ಕೈಯಲ್ಲಿ ದಪ್ಪ ನಡುಕ, ವಾಂತಿ ಭೇದಿ, ಮಂಡಿನೋವಿಗೆ ಐಬುಪ್ರೊಫೇನ್ ತಗೊಂಡಿದ್ದಾರೆಯೇ, ರಕ್ತದೊತ್ತಡಕ್ಕೆ ಥಯಾಜೈಡ್ ಶುರುವಾಗಿದೆಯೇ, ಎಲ್ಲವೂ ನೋಡಬೇಕು. ದಿನನಿತ್ಯದ ನಿರ್ವಹಣೆಗೆ 0.6ರಿಂದ 0.8, ಏರಿದ ಮೇನಿಯಾಗೆ (ಅತಿ ಹುರುಪಿನ ಸ್ಥಿತಿ) ಲೀಟರಿಗೆ 0.8ರಿಂದ 1.2 ಮಿಲಿಮೋಲ್, ಡೋಸ್ ಬದಲಿಸಿದ ಮೇಲೆ 5ರಿಂದ 7 ದಿನ ಕಾದು ಅಳೆಯಬೇಕು. ಮೂರನೇ ದಿನಕ್ಕೇ ಅಳೆದು "ಸಾಲುತ್ತಿಲ್ಲ" ಎಂದು ಏರಿಸುವುದು ಹೊಸಬರ ಖಾಯಂ ತಪ್ಪು.

ಎರಡನೆಯದು ಕ್ಲೋಜಪಿನ್, ಬೇರೆ ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾಗೆ ಕೊಡುವ ಔಷಧ. ರೋಗಿ ಎರಡು ದಿನಕ್ಕಿಂತ ಹೆಚ್ಚು ಕಾಲ ಮಾತ್ರೆ ಬಿಟ್ಟಿದ್ದರೆ ಹಳೆಯ ಡೋಸಿಗೇ ಮರಳಬಾರದು, 12.5 ಮಿಲಿಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಬೇಕು; ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಬೀಳುತ್ತಾರೆ, ಫಿಟ್ಸ್ ಕೂಡ ಬರಬಹುದು. ಬಿಳಿ ರಕ್ತಕಣದ ಎಣಿಕೆ ಎಲ್ಲರಿಗೂ ನೆನಪಿರುತ್ತದೆ, ಮಲಬದ್ಧತೆ ಯಾರಿಗೂ ನೆನಪಿರುವುದಿಲ್ಲ. ಕರುಳು ಕಟ್ಟಿ ಪ್ರಾಣ ಹೋಗುವುದು ಇದೇ ಮಾತ್ರೆಯಿಂದ, ಆದ್ದರಿಂದ "ಕಕ್ಕಸಿಗೆ ಯಾವಾಗ ಹೋಗಿದ್ದಿರಿ" ಎಂಬುದು ರೌಂಡ್ಸಿನ ಪ್ರಶ್ನೆಯೇ ಆಗಬೇಕು. ಇನ್ನೊಂದು ಸೂಕ್ಷ್ಮ ಸಿಗರೇಟಿನದು. ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳು ಪಿತ್ತಜನಕಾಂಗದ ಒಂದು ಕಿಣ್ವವನ್ನು ಚುರುಕುಗೊಳಿಸಿ ಕ್ಲೋಜಪಿನ್ ಬೇಗ ಕರಗಿಸುತ್ತವೆ. ವಾರ್ಡಿನಲ್ಲಿ ಸಿಗರೇಟು ನಿಂತರೆ ಅದೇ ಡೋಸಿನಲ್ಲಿ ಮಟ್ಟ ಏರಿ ಮಂಪರು, ಜೊಲ್ಲು ಶುರುವಾಗುತ್ತದೆ. ನಿಕೋಟಿನ್ ಪಟ್ಟಿ ಅಂಟಿಸಿದರೆ ಇದು ತಪ್ಪುವುದಿಲ್ಲ. ಕೆಲಸ ಮಾಡುತ್ತಿದ್ದುದು ಹೊಗೆ, ನಿಕೋಟಿನ್ ಅಲ್ಲ. ಡಿಸ್ಚಾರ್ಜ್ ಆಗಿ ಮತ್ತೆ ಸೇದಲು ಶುರು ಮಾಡಿದಾಗ ಮಟ್ಟ ಇಳಿದು ಕಾಯಿಲೆ ಮರುಕಳಿಸುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಸಾಲು ಬರೆಯಿಸುವ ವಿಭಾಗ ಕಂಡರೆ ಕಣ್ಣು ಮುಚ್ಚಿ ಸೇರಬಹುದು, ಇಷ್ಟು ಸಣ್ಣದನ್ನು ನೋಡುವವರು ದೊಡ್ಡದನ್ನು ಬಿಡುವುದಿಲ್ಲ.

ಕ್ಯಾಟಟೋನಿಯಾ (ರೋಗಿ ಮರಗಟ್ಟಿದಂತಾಗುವ ಸ್ಥಿತಿ) ಗುರುತಿಸುವುದೂ ಇಂಥ ಕಡೆಯೇ ಚೆನ್ನಾಗಿ ಕಲಿಯಲು ಸಿಗುತ್ತದೆ. ಮಾತಿಲ್ಲ, ಊಟವಿಲ್ಲ, ಎತ್ತಿದ ಕೈ ಎತ್ತಿದಂತೆಯೇ ನಿಂತಿದೆ. ಬುಷ್-ಫ್ರಾನ್ಸಿಸ್ ಮಾಪನದ 23 ಅಂಶಗಳಲ್ಲಿ ಮೊದಲ 14 ಜಾಲರಿಯಂತೆ. ಎರಡು ಸಿಕ್ಕರೂ ಮುಂದುವರಿಯಬೇಕು. ಲೊರಾಜೆಪಾಮ್ (ಬೆಂಜೊಡಯಜೆಪಿನ್ ಗುಂಪಿನ ಶಮನಕಾರಿ) 1ರಿಂದ 2 ಮಿಲಿಗ್ರಾಂ ಕೊಟ್ಟು ಮತ್ತೆ ಅದೇ ಪರೀಕ್ಷೆ ಮಾಡಿ ಹೋಲಿಸುತ್ತಾರೆ. ಇಲ್ಲಿ ಆಗುವ ಅನಾಹುತವೆಂದರೆ "ಸಹಕರಿಸುತ್ತಿಲ್ಲ" ಎಂದು ಬರೆದು ಹ್ಯಾಲೊಪೆರಿಡಾಲ್ (ಸೈಕೋಸಿಸ್ ಅಂದರೆ ವಾಸ್ತವದ ಅರಿವು ತಪ್ಪುವುದಕ್ಕೆ ಕೊಡುವ ಮದ್ದು) ಚುಚ್ಚುವುದು. ನೀರಿಲ್ಲದೆ ಬಿಗಿದ ದೇಹಕ್ಕೆ ಅದು ಸೇರಿದರೆ ಜ್ವರ, ಸೀಸದ ಕೊಳವೆಯಂತೆ ಬಿಗಿದ ಸ್ನಾಯು, ರಕ್ತದಲ್ಲಿ ಏರಿದ ಸಿಕೆ ಎಂಬ ಸ್ನಾಯು ಕಿಣ್ವ, ಅಂದರೆ ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಎಂಬ ಪ್ರಾಣಾಪಾಯದ ಔಷಧ ಪ್ರತಿಕ್ರಿಯೆಗೆ ದಾರಿ.

ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸಿ ಸೆಳೆತ ತರಿಸುವ ಚಿಕಿತ್ಸೆ) ಕೋಣೆಯಲ್ಲಿ ರೆಸಿಡೆಂಟಿನ ಕೈಗೆ ಏನು ಕೊಡುತ್ತಾರೆ ನೋಡಿ. 1938ರಲ್ಲಿ ರೋಮಿನಲ್ಲಿ ಸೆರ್ಲೆಟ್ಟಿ ಮತ್ತು ಬಿನಿ ಶುರು ಮಾಡಿದ ಚಿಕಿತ್ಸೆ ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದಿನೊಂದಿಗೆ ನಡೆಯುತ್ತದೆ. ವಾರಕ್ಕೆ ಎರಡು ಮೂರು ಸಲ, ಒಟ್ಟು 6ರಿಂದ 12. ಸಕ್ಸಿನೈಲ್‌ಕೋಲಿನ್ (ಆ ಸಡಿಲಿಸುವ ಮದ್ದು) ಹೋಗುವ ಮುನ್ನ ಒಂದು ಕಾಲಿನ ಹರಡಿಗೆ ಬಿಪಿ ಪಟ್ಟಿ ಕಟ್ಟಿ ಉಬ್ಬಿಸುವುದು ಏಕೆ ಎಂದು ಗೊತ್ತಿಲ್ಲದೆ ಕೋರ್ಸ್ ಮುಗಿಸುವವರಿದ್ದಾರೆ. ಆ ಪಾದಕ್ಕೆ ಮದ್ದು ತಲುಪುವುದಿಲ್ಲ, ಅದರ ಅದುರಾಟ ನೋಡಿ ಸೆಳೆತ ಎಷ್ಟು ಸೆಕೆಂಡು ನಡೆಯಿತೆಂದು ಎಣಿಸುತ್ತಾರೆ. ಸೆಳೆತವೇ ಬರಲಿಲ್ಲ ಎಂದರೆ ಮೊದಲು ಯಂತ್ರವನ್ನಲ್ಲ, ಹಿಂದಿನ ರಾತ್ರಿಯ ಔಷಧ ಚಾರ್ಟ್ ನೋಡಬೇಕು. ನಿದ್ದೆಗೆಂದು ಕೊಟ್ಟ, ಸೆಳೆತ ತಡೆಯುವ ಬೆಂಜೊಡಯಜೆಪಿನ್ ಅಲ್ಲಿರುತ್ತದೆ. ರೆಸಿಡೆಂಟ್ ಬರೀ ಸಮ್ಮತಿ ಪತ್ರಕ್ಕೆ ಸಹಿ ತರುವ ಕೆಲಸಕ್ಕಷ್ಟೇ ಇದ್ದರೆ ಈ ಭಾಗಕ್ಕೆ ಸೊನ್ನೆ.

ತುರ್ತು ವಿಭಾಗ

ಕೆರಳಿದ ರೋಗಿಯ ಎದುರು ಏನು ಮಾಡಬೇಕೆಂದು ತರಗತಿಯಲ್ಲಿ ಎಲ್ಲರೂ ಹೇಳುತ್ತಾರೆ. ಸೇರಿದ ಮೊದಲ ವಾರದಲ್ಲೇ ಅದನ್ನು ಅಭಿನಯಿಸಿ ಕಲಿಸುವ ಕಡೆ ಕಡಿಮೆ. ಎರಡು ತೋಳಿನಷ್ಟು ಅಂತರ, ಅಂಗೈ ಕಾಣುವಂತೆ ಕೈ, ಬಾಗಿಲು ನಿಮಗೂ ಅವರಿಗೂ ಸಿಗುವಂತೆ ಕುರ್ಚಿ, ಮಾತಾಡುವವರು ಒಬ್ಬರೇ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಇಲ್ಲಿ ಅಕ್ಷರಶಃ ಕೆಲಸದ ಸೂಚನೆ. ಇಂಜೆಕ್ಷನ್ನಿಗೆ ಇಳಿಯಲೇಬೇಕಾದರೆ ಒಲಾಂಜಪಿನ್ (ಸೈಕೋಸಿಸ್‌ಗೆ ಕೊಡುವ ಇನ್ನೊಂದು ಮದ್ದು) ಮತ್ತು ಲೊರಾಜೆಪಾಮ್ ಎರಡನ್ನೂ ಒಂದೇ ಹೊತ್ತಿಗೆ ಸ್ನಾಯುವಿಗೆ ಚುಚ್ಚಬಾರದು, ಕನಿಷ್ಠ ಒಂದು ಗಂಟೆ ಅಂತರ ಬೇಕು. ಉಸಿರು, ರಕ್ತದೊತ್ತಡ ಎರಡೂ ಕುಸಿದೀತು. ಇಸಿಜಿಯಲ್ಲಿ ಕ್ಯೂಟಿಸಿ (ಹೃದಯದ ವಿದ್ಯುತ್ ಚಕ್ರದ ಒಂದು ಅಂತರ) 500 ಮಿಲಿಸೆಕೆಂಡು ದಾಟಿದ್ದರೆ ಹ್ಯಾಲೊಪೆರಿಡಾಲ್ ಬದಿಗಿಡಬೇಕು. ಚುಚ್ಚಿದ ಮೇಲೆ ಮಲಗಿದರು ಎಂದು ಎಲ್ಲರೂ ಚದುರುವುದೇ ಅಪಾಯದ ಗಳಿಗೆ. ನಾಡಿ, ಉಸಿರು, ಆಮ್ಲಜನಕ ನೋಡುವ ಹಾಳೆ ಶುರುವಾಗಬೇಕಾದ್ದು ಆಗ.

ಆತ್ಮಹತ್ಯೆಯ ಅಪಾಯ ಅಳೆಯುವುದನ್ನು ಅನೇಕ ಕಡೆ ಟಿಕ್ ಹಾಕುವ ಪಟ್ಟಿಗೆ ಇಳಿಸಿದ್ದಾರೆ. ಯಾವ ಪಟ್ಟಿಯ ಅಂಕವೂ ಒಬ್ಬ ವ್ಯಕ್ತಿ ಮುಂದೇನು ಮಾಡುತ್ತಾರೆಂದು ಹೇಳಲಾರದು. "ಇನ್ನು ಹಾಗೆ ಮಾಡುವುದಿಲ್ಲ" ಎಂದು ರೋಗಿಯಿಂದ ಬರೆಸಿಕೊಳ್ಳುವುದರಿಂದಲೂ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಧೈರ್ಯ ಬರುವುದು ವೈದ್ಯರಿಗೆ ಮಾತ್ರ. ಉಪಯೋಗಕ್ಕೆ ಬರುವುದು ರೋಗಿಯ ಜೊತೆ ಕೂತು ಅವರ ಮಾತಿನಲ್ಲೇ ಬರೆದ ಸುರಕ್ಷಾ ಯೋಜನೆ: ಕೆಟ್ಟ ಗಳಿಗೆ ಹತ್ತಿರವಾಗುವ ಮುನ್ಸೂಚನೆ ಏನು, ಒಂಟಿಯಾಗಿ ಏನು ಮಾಡಿಕೊಳ್ಳಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬಹುದು, ಯಾವ ಆಸ್ಪತ್ರೆ, ಮತ್ತು ಅಪಾಯದ ವಸ್ತುಗಳನ್ನು ಮನೆಯಿಂದ ಯಾರು ಇವತ್ತೇ ತೆಗೆಯುತ್ತಾರೆ. ವಾರ್ಡಿನಿಂದ ಮನೆಗೆ ಹೋದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು, ಹಾಗಾಗಿ ಡಿಸ್ಚಾರ್ಜ್ ದಿನವೇ 7 ದಿನದೊಳಗಿನ ತಾರೀಖು ಕೈಯಲ್ಲಿರಬೇಕು. "ಒಂದು ತಿಂಗಳ ಮೇಲೆ ಬನ್ನಿ" ಎಂದು ಕಳಿಸುವ ವಿಭಾಗದಿಂದ ಈ ಪಾಠ ಕಲಿಯಲಾಗದು.

ಕೇಳಲು ಸಂಕೋಚವಾದರೂ ಕೇಳಬೇಕಾದ ಪ್ರಶ್ನೆ: ರೆಸಿಡೆಂಟ್ ನೋಡುತ್ತಿದ್ದ ರೋಗಿ ಜೀವ ಕಳೆದುಕೊಂಡರೆ ಇಲ್ಲಿ ಏನಾಗುತ್ತದೆ? ಅದೇ ದಿನ ಯಾರಾದರೂ ಹಿರಿಯರು ಕರೆದು ಕೂರಿಸುತ್ತಾರೆ, ಕುಟುಂಬದ ಜೊತೆ ಮಾತಾಡುವಾಗ ಜೊತೆಗಿರುತ್ತಾರೆ ಎಂಬ ಉತ್ತರ ತಡವಿಲ್ಲದೆ ಬರಬೇಕು. ಪ್ರಶ್ನೆ ಕೇಳಿ ಮುಖಮುಖ ನೋಡಿಕೊಂಡರೆ ಆ ವ್ಯವಸ್ಥೆ ಇಲ್ಲ.

ಬೇರೆ ವಾರ್ಡಿನ ಕರೆ

ಇತರ ವಿಭಾಗಗಳಿಗೆ ಸಲಹೆ ಕೊಡುವ ಪಾಳಿಯಲ್ಲಿ ಕಲಿಯುವುದು ಪ್ರಶ್ನೆಯ ಹಿಂದಿನ ಪ್ರಶ್ನೆ. ಶಸ್ತ್ರಚಿಕಿತ್ಸೆಯಾದ ಮೂರನೇ ದಿನ "ಸೈಕೋಸಿಸ್ ಇದೆ, ನೋಡಿ" ಎಂದು ಕರೆ ಬಂದರೆ ಕುಡಿತ ನಿಂತು ಎಷ್ಟು ಗಂಟೆಯಾಯಿತು ಎಂದು ಎಣಿಸಬೇಕು. ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ನಿಂತಾಗ ನಡುಕದೊಂದಿಗೆ ಬರುವ ಸನ್ನಿ, ಬರುವುದು 48ರಿಂದ 96 ಗಂಟೆಯ ನಡುವೆ. ಥಯಾಮಿನ್ (ವಿಟಮಿನ್ ಬಿ1) ಮರೆಯಬಾರದು, ಲಿವರ್ ಕೆಟ್ಟಿದ್ದರೆ ಕ್ಲೋರ್‌ಡಯಜೆಪಾಕ್ಸೈಡ್ ಬದಲು ಲೊರಾಜೆಪಾಮ್. ಕುಡಿತ ನಿಂತವರಿಗೆ ಬಳಸುವ ಸಿವಾ ಮಾಪನದ 10 ಅಂಶಗಳಲ್ಲಿ ಹಲವಕ್ಕೆ ರೋಗಿಯೇ ಉತ್ತರಿಸಬೇಕು. ಆಗಲೇ ಸನ್ನಿ ಹಿಡಿದವರಲ್ಲಿ ಆ ಅಂಕ ನಂಬುವಂತಿಲ್ಲ ಎಂಬುದನ್ನು ಹೇಳಿಕೊಡುವವರು ಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಂ ದಾಟಿದ ರೋಗಿ ರಾತ್ರಿಯೆಲ್ಲ ಮಾತಾಡುತ್ತಿದ್ದರೆ ಕಾರಣ ಮಾತ್ರೆಯೇ ಇರಬಹುದು. "ಚಿಕಿತ್ಸೆ ಬೇಡ ಎನ್ನುತ್ತಿದ್ದಾರೆ, ಬುದ್ಧಿ ಸ್ವಾಧೀನದಲ್ಲಿದೆಯೇ" ಎಂಬ ಕರೆಗೆ ನಾಲ್ಕು ಸಂಗತಿ ನೋಡುತ್ತಾರೆ: ಹೇಳಿದ್ದು ಅರ್ಥವಾಯಿತೇ, ಅದು ತನಗೇ ಅನ್ವಯಿಸುತ್ತದೆಂದು ಒಪ್ಪುತ್ತಾರೆಯೇ, ತೂಗಿ ನೋಡಬಲ್ಲರೇ, ಒಂದು ನಿರ್ಧಾರ ಹೇಳಬಲ್ಲರೇ. ಇದು ಆ ಒಂದು ನಿರ್ಧಾರಕ್ಕೆ, ಆ ಹೊತ್ತಿಗೆ ಮಾತ್ರ. ಸ್ಕಿಜೋಫ್ರೇನಿಯಾ ಇದೆ ಎಂದ ಮಾತ್ರಕ್ಕೆ ಸಾಮರ್ಥ್ಯ ಹೋಯಿತು ಎಂದಲ್ಲ.

ಮಕ್ಕಳ ವಿಭಾಗ, ವೃದ್ಧರ ವಿಭಾಗ, ವ್ಯಸನ ಚಿಕಿತ್ಸೆ ಒಂದೆರಡು ತಿಂಗಳಲ್ಲಿ ಮುಗಿಯುತ್ತವೆ. ಮಕ್ಕಳ ವಿಭಾಗದಲ್ಲಿ ಶಾಲೆಯಿಂದ ವರದಿ ತರಿಸಿಕೊಳ್ಳುವ ಪದ್ಧತಿ ಇದ್ದರೆ ಸರಿ, ಇಲ್ಲದಿದ್ದರೆ ಅಲ್ಲಿ ನೋಡುತ್ತಿರುವುದು ಅರ್ಧ ಮಗುವನ್ನು.

ಮನೋಚಿಕಿತ್ಸೆ: ಕೈಪಿಡಿಯಲ್ಲಿ ಒಂದು, ವಾರ್ಡಿನಲ್ಲಿ ಇನ್ನೊಂದು

ಬಹುತೇಕ ಕೈಪಿಡಿಗಳು ಸಿಬಿಟಿ (ಯೋಚನೆ, ವರ್ತನೆ ತಿದ್ದುವುದು), ಸೈಕೋಡೈನಮಿಕ್ (ಒಳಗಿನ ಸಂಘರ್ಷ ಅರಿಯುವುದು), ಸಪೋರ್ಟಿವ್ (ಆಸರೆ ಕೊಡುವುದು) ಎಲ್ಲ ಕಲಿಸುತ್ತೇವೆ ಎನ್ನುತ್ತವೆ. ಕಲಿಯಲು ಬೇಕಾದ್ದು ಬಹಳ ಸರಳ: ವಾರವಾರ ಅದೇ ದಿನ, ಅದೇ ಹೊತ್ತು, ಅದೇ ಕೋಣೆ, 50 ನಿಮಿಷ, ಒಬ್ಬ ರೋಗಿ, ಅದರ ಮೇಲೆ ವಾರಕ್ಕೊಂದು ಗಂಟೆ ಒಬ್ಬರೇ ಸೂಪರ್‌ವೈಸರ್ ಜೊತೆ. ಈ ಸರಳವೇ ದೊಡ್ಡ ಆಸ್ಪತ್ರೆಯಲ್ಲಿ ದುಬಾರಿ. ಮಂಗಳವಾರ ಮೂರು ಗಂಟೆಗೆ ರೋಗಿ ಬಂದು ಕೂತಿರುತ್ತಾರೆ, ರೆಸಿಡೆಂಟಿಗೆ ತುರ್ತು ವಿಭಾಗದಿಂದ ಫೋನ್ ಬರುತ್ತದೆ. ಎರಡು ಸಲ ಹೀಗಾದರೆ ಮೂರನೇ ವಾರ ರೋಗಿ ಬರುವುದಿಲ್ಲ, ಕಡತದಲ್ಲಿ "ಪ್ರೇರಣೆ ಕಡಿಮೆ" ಎಂದು ದಾಖಲಾಗುತ್ತದೆ. ಪ್ರೇರಣೆ ಯಾರದು ಕಡಿಮೆ ಎಂಬುದು ಬೇರೆ ಮಾತು.

ಸೂಪರ್‌ವಿಷನ್ ಹೆಸರಲ್ಲಿ ಕಾರಿಡಾರಿನಲ್ಲಿ ನಡೆಯುತ್ತಾ ಐದು ನಿಮಿಷ ಮಾತಾಡುವುದನ್ನು ಲೆಕ್ಕಕ್ಕೆ ಹಿಡಿಯಬಾರದು. ರೋಗಿಯ ಲಿಖಿತ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿ, ಹತ್ತು ನಿಮಿಷದ ತುಣುಕು ಇಬ್ಬರೂ ಕೂತು ಕೇಳುವುದು ಎಲ್ಲಕ್ಕಿಂತ ಪರಿಣಾಮಕಾರಿ. ನೆನಪಿನಿಂದ ಬರೆದ ವರದಿಯಲ್ಲಿ ಎಲ್ಲರೂ ಒಳ್ಳೆಯ ಚಿಕಿತ್ಸಕರೇ. ರೆಕಾರ್ಡಿನಲ್ಲಿ ಮಾತ್ರ ಕೇಳಿಸುತ್ತದೆ: ರೋಗಿ ಸುಮ್ಮನಾದ ನಾಲ್ಕನೇ ಸೆಕೆಂಡಿಗೆ ಸಲಹೆ ತುರುಕಿದ್ದು, ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದು. ವಿಭಾಗದಲ್ಲಿ ಇಂಥ ಸೂಪರ್‌ವೈಸರ್ ಇಬ್ಬರಿದ್ದರೂ ಸಾಕು, ಉಳಿದ ಕೊರತೆ ಸಹಿಸಬಹುದು.

ಪಾಳಿ ಬದಲಾದಾಗ ಆಗುವ ಗಾಯವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ವರ್ಷದ ಕೊನೆಗೆ ರೆಸಿಡೆಂಟ್ ಮುಂದಿನ ಪೋಸ್ಟಿಂಗಿಗೆ ಹೋಗುತ್ತಾರೆ, ಹೊರರೋಗಿ ವಿಭಾಗದಲ್ಲಿ ಅವರನ್ನೇ ನಂಬಿದ್ದ ಹತ್ತಾರು ಜನ ಒಂದೇ ವಾರ ಹೊಸ ಮುಖದ ಎದುರು ಮೊದಲಿಂದ ಕಥೆ ಹೇಳಬೇಕು. ಎರಡು ಮೂರು ತಿಂಗಳು ಮುಂಚೆ ತಿಳಿಸುವುದು, ಅಪಾಯ ಹೆಚ್ಚಿರುವವರ ಪಟ್ಟಿ ಬೇರೆ ಮಾಡಿ ಹಳಬರು ಹೊಸಬರು ಇಬ್ಬರೂ ಕೂತು ಒಂದು ಭೇಟಿ ನಡೆಸುವುದು, ಮೊದಲ ತಿಂಗಳೊಳಗೆ ಅವರಿಗೆ ತಾರೀಖು ಕೊಡುವುದು, ಇಷ್ಟು ಮಾಡಿದರೆ ನಡುವೆ ಕಳೆದುಹೋಗುವವರು ಕಡಿಮೆ. ಇದಕ್ಕೊಂದು ಲಿಖಿತ ನಮೂನೆ ಇದೆಯೇ ಎಂದು ಕೇಳಿ ನೋಡಿ.

ಪ್ರಬಂಧ

ಸಂಶೋಧನಾ ಪ್ರಬಂಧಕ್ಕೆ ಬಂದರೆ, ಎಥಿಕ್ಸ್ ಸಮಿತಿಯ ಒಪ್ಪಿಗೆಗೇ ತಿಂಗಳುಗಳು ಹಿಡಿಯುವುದರಿಂದ ಮೊದಲ ವರ್ಷದಲ್ಲೇ ವಿಷಯ ಹಿಡಿಯಬೇಕು. ಮಾಪನಗಳನ್ನು ಅಂಕ ಹಾಕುವ ತರಬೇತಿ ಇಲ್ಲದೆ ರೋಗಿಗಳ ಮೇಲೆ ಬಳಸುವುದು ಇಲ್ಲಿನ ದೊಡ್ಡ ದೋಷ. ಸ್ಕಿಜೋಫ್ರೇನಿಯಾದ ತೀವ್ರತೆ ಅಳೆಯುವ ಪ್ಯಾನ್ಸ್ ಮಾಪನದ 30 ಅಂಶಗಳಿಗೂ ಕನಿಷ್ಠ ಅಂಕ 1, ಅಂದರೆ ಲಕ್ಷಣವೇ ಇಲ್ಲದವರಿಗೂ 30 ಬರುತ್ತದೆ. 90 ಇದ್ದದ್ದು 60ಕ್ಕೆ ಇಳಿದರೆ ನೇರ ಲೆಕ್ಕದಲ್ಲಿ ಶೇ 33 ಸುಧಾರಣೆ. 30 ಕಳೆದು ಮಾಡಿದರೆ ಶೇ 50. ಎಷ್ಟೋ ಪ್ರಬಂಧಗಳು ಮೊದಲನೆಯದನ್ನೇ ಬರೆದು ಫಲಿತಾಂಶ ಬಂದಿಲ್ಲವೆಂದು ಕೊರಗುತ್ತವೆ. ಹ್ಯಾಮಿಲ್ಟನ್ ಖಿನ್ನತೆ ಮಾಪನದ 17 ಅಂಶಗಳಲ್ಲಿ ಮೂರು ನಿದ್ದೆಯ ಮೇಲೆ, ಒಟ್ಟು 6 ಅಂಕ. ಮಂಪರು ತರುವ ಮಾತ್ರೆ ಖಿನ್ನತೆ ಮುಟ್ಟದೆಯೂ ಅಂಕ ಇಳಿಸಬಲ್ಲದು. ಇಂಥದ್ದನ್ನು ಗಮನಿಸುವ ಗೈಡ್ ಸಿಕ್ಕರೆ ಪ್ರಬಂಧ ಓದುವಂತಿರುತ್ತದೆ.

ನೋಡಲು ಹೋಗುವ ದಿನ

ಅಚ್ಚು ಹಾಕಿದ ವೇಳಾಪಟ್ಟಿ ಕೇಳಬೇಡಿ, ಕಳೆದ ತಿಂಗಳು ನಿಜವಾಗಿ ನಡೆದದ್ದನ್ನು ಕೇಳಿ. ಬೆಳಗಿನ ರೌಂಡ್ಸಿಗೆ ನಿಲ್ಲಲು ಅವಕಾಶ ಸಿಕ್ಕರೆ ಹಿರಿಯರು ರೋಗಿಯ ಹಾಸಿಗೆಯ ಬಳಿ ಕೂರುತ್ತಾರೋ, ನಿಂತೇ ಫೈಲ್ ಓದಿಸಿಕೊಳ್ಳುತ್ತಾರೋ ನೋಡಿ. ರಾತ್ರಿ ಮೂರು ಗಂಟೆಗೆ ಹಿರಿಯರಿಗೆ ಫೋನ್ ಮಾಡಿದರೆ ಬೈಗುಳ ಸಿಗುತ್ತದೋ ಉತ್ತರ ಸಿಗುತ್ತದೋ ಎಂದು ಮೊದಲ ವರ್ಷದವರನ್ನೇ, ಅವರ ಮೇಲಿನವರು ಇಲ್ಲದಾಗ, ಕೇಳಿ. ರಾತ್ರಿ ಪಾಳಿ ಹಸ್ತಾಂತರ ಎದುರುಬದುರು ಕೂತು ನಡೆಯುತ್ತದೆಯೋ, ಮೊಬೈಲ್ ಸಂದೇಶದಲ್ಲಿ ಮುಗಿಯುತ್ತದೆಯೋ ತಿಳಿದುಕೊಳ್ಳಿ. ಸಂದರ್ಶನ ಕೋಣೆಗಳಲ್ಲಿ ಅಪಾಯದ ಗುಂಡಿ ಇದೆಯೇ, ಒತ್ತಿದರೆ ಯಾರು ಬರುತ್ತಾರೆ, ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ. ಮತ್ತೆ ಇದೊಂದು: ಬೋಧನೆಯ ಗಂಟೆಯಲ್ಲಿ ರೆಸಿಡೆಂಟ್‌ಗಳ ಡ್ಯೂಟಿ ಫೋನ್ ಯಾರ ಕೈಯಲ್ಲಿರುತ್ತದೆ? ಬೇರೆಯವರ ಹೆಸರು ಹೇಳಿದರೆ ಅಲ್ಲಿ ಬೋಧನೆ ನಡೆಯುತ್ತದೆ. "ನಮ್ಮ ಹತ್ತಿರವೇ ಇರುತ್ತದೆ, ಬಂದರೆ ಎದ್ದು ಹೋಗುತ್ತೇವೆ" ಎಂದರೆ ಇಲ್ಲ.